ದೊಡ್ಡ ಗಾಡಿಯ ಹಿಂದಿನ ಸೀಟು

ಐವತ್ತು ದಾಟಿದ ಹೆಂಗಸೊಬ್ಬಳು ಮೋಟರ್‌ಸೈಕಲ್ ಷೋರೂಮಿಗೆ ಕಾಲಿಟ್ಟರೆ ಅಲ್ಲಿಯವರು ಮೊದಲು ಕೇಳುವುದು, "ಹುಡುಗ ಎಲ್ಲಿ ಅದಾನ್ರಿ?" ಎಂದು. ಮಗನಿಗೋ ಅಳಿಯನಿಗೋ ಗಾಡಿ ಕೊಡಿಸಲು ಬಂದಿದ್ದಾಳೆ ಎಂಬುದು ಅವರ ಲೆಕ್ಕ. ಗಾಡಿ ನನಗೇ ಬೇಕು ಎಂದರೆ, "ಸ್ಕೂಟರ್ ಆ ಕಡೆ ಅದಾವ್ರಿ" ಎಂದು ಕೈ ತೋರಿಸುತ್ತಾರೆ. ಸ್ಕೂಟರ್ ನನ್ನ ಹತ್ತಿರ ಇದೆ, ಓಡಿಸಿ ಓಡಿಸಿ ಅದಕ್ಕೂ ನನಗೂ ಬೇಸರ ಬಂದಿದೆ, ಈಗ ಬೇಕಾಗಿರುವುದು ಊರೂರು ತಿರುಗಲು ಗೇರ್ ಇರುವ ದೊಡ್ಡ ಗಾಡಿ ಎಂದು ನಾನು ಹೇಳಿದಾಗ, ನಿಪ್ಪಾಣಿಯ ಆ ಷೋರೂಮಿನ ಮಾಲೀಕರು ನನ್ನನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರ ಮುಖ ನೋಡಿದರು. ನಮ್ಮನೆಯವರು ಗೋಡೆಯ ಮೇಲಿನ ಟೈರಿನ ಜಾಹೀರಾತನ್ನು ಬಹಳ ಭಕ್ತಿಯಿಂದ ಓದುತ್ತಿದ್ದರು.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಿರುವುದು ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ, ಕಬ್ಬಿನ ನಡುವೆ. ಇಷ್ಟು ವರ್ಷ ನನ್ನಲ್ಲಿದ್ದದ್ದು ಗೇರ್ ಇಲ್ಲದ ಗಾಡಿಯ ಲೈಸನ್ಸ್. ಸರಕಾರ ನನ್ನ ಎಡಗಾಲನ್ನು ನಂಬಿರಲಿಲ್ಲ. ಈ ಬೇಸಿಗೆ ರಜೆಯಲ್ಲಿ ತಮ್ಮನ ಗಾಡಿಯಲ್ಲಿ ಕಲಿತು, ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿಕೊಂಡು ತಿರುಗಿ, ಕಡೆಗೆ ನನ್ನ ಹಳೆಯ ವಿದ್ಯಾರ್ಥಿಗಳ ಜೊತೆಯಲ್ಲೇ ಸರದಿಯಲ್ಲಿ ನಿಂತು ಪರೀಕ್ಷೆ ಕೊಟ್ಟೆ. ನೆಲದ ಮೇಲೆ ಬರೆದ ಎಂಟರ ಗುರುತಿನ ಮೇಲೆ ಕಾಲೂರದೆ ಸುತ್ತಬೇಕು. ಅದು ಇಂಗ್ಲಿಷಿನ ಎಂಟು. ಕನ್ನಡದ ೮ ಬರೆದಿದ್ದರೆ ಒಂದೇ ಕಮಾನಿನಲ್ಲಿ ಮುಗಿದುಹೋಗುತ್ತಿತ್ತು, ಈ ವಿಷಯದಲ್ಲೂ ನಮ್ಮ ಭಾಷೆಗೆ ಅನ್ಯಾಯವಾಗಿದೆ. ಆದರೂ ಪಾಸಾದೆ. ಪಕ್ಕಾ ಲೈಸನ್ಸ್ ಕೈಗೆ ಬಂದ ದಿನ ನಾಲ್ಕು ಸಲ ಪರ್ಸ್ ತೆಗೆದು ನೋಡಿಕೊಂಡೆ. ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಂಡರೂ ಬಹಳ ಸಮರ್ಥ ಕಳ್ಳಿಯ ಹಾಗೆ ಕಾಣುತ್ತೇನೆ.

ತಿರುಗುವ ಹುಚ್ಚು ನನ್ನದಾದರೂ ಹಚ್ಚಿದವರು ನಮ್ಮನೆಯವರೇ. ಅವರು ಹುಟ್ಟಾ ಹಿಂದಿನ ಸೀಟಿನ ಮನುಷ್ಯ. ಒಕ್ಕಲುತನ ಮಾಡುವವನಿಗೆ ದಾರಿ ಇರುವುದು ಎರಡೂ ಬದಿಯ ಬೆಳೆ ನೋಡುವುದಕ್ಕೆ. ಹ್ಯಾಂಡಲ್ ಹಿಡಿದರೆ ಕಣ್ಣು ರಸ್ತೆಯ ಮೇಲಿಡಬೇಕು, ಅದು ಅವರಿಗೆ ಶಿಕ್ಷೆ. ಹಿಂದೆ ಕೂತರೆ ರಾಜ್ಯಭಾರ. "ಇವ ನೀರ ಹೆಚ್ಚ ಬಿಟ್ಟಾನ ನೋಡು." "ಈ ಕಬ್ಬಿಗೆ ಗೊಣ್ಣಿಹುಳ ಬಿದ್ದೈತಿ." "ಯಪ್ಪಾ, ಎಂಥಾ ಅರಿಷಿಣ ಬೆಳ್ದಾನ!" ಹೀಗೆ, ಅವರಿಗೆ ಪೇಟೆಯ ಕೆಲಸವಿದ್ದ ದಿನ, ಚಿಕ್ಕೋಡಿ ಬರುವವರೆಗೂ ನನ್ನ ಬೆನ್ನ ಹಿಂದೆ ಕೃಷಿ ಪ್ರಸಾರ ನಡೆಯುತ್ತದೆ. ಒಮ್ಮೆ ಸ್ಕೂಟರ್ ಮೇಲೆಯೇ ಅಥಣಿ ದಾಟಿ ತೆಲಸಂಗಕ್ಕೆ ಮದುವೆಗೆ ಹೋದೆವು. ಮಳೆಯನ್ನೇ ನಂಬಿ ನಿಂತ ಜೋಳವನ್ನು ನೋಡಿ ನೀರಾವರಿಯ ಈ ಮನುಷ್ಯ ಮಾತೇ ಬಿಟ್ಟರು. ವಾಪಸು ಬರುವಾಗ, "ಹಿಂಗ ಬ್ಯಾರೆ ಬ್ಯಾರೆ ಸೀಮಿ ಎಲ್ಲಾ ನೋಡಬೇಕಲಾ" ಎಂದರು. ಆ ದಿನ ಸಣ್ಣ ಚಕ್ರದ ಸ್ಕೂಟರು ರಸ್ತೆಯ ಪ್ರತಿಯೊಂದು ಗುಂಡಿಯ ಪರಿಚಯ ಮಾಡಿಸಿತ್ತು. ಸೊಂಟ ಹಿಡಿದುಕೊಂಡು ನಾನು ಅಂದೇ ತೀರ್ಮಾನಿಸಿದೆ: ದೊಡ್ಡ ಗಾಡಿ ತೆಗೆದುಕೊಳ್ಳಬೇಕು, ಈ ಮನುಷ್ಯನನ್ನು ಹಿಂದೆ ಕೂರಿಸಿಕೊಂಡು ಕಾಗವಾಡ ದಾಟಿ, ಘಟ್ಟ ಇಳಿದು, ಕೊಂಕಣದ ಭತ್ತದ ಗದ್ದೆ ತೋರಿಸಬೇಕು. ಒಬ್ಬಳೇ ಹೋಗುವ ಆಸೆ ನನಗೆ ಎಂದೂ ಇರಲಿಲ್ಲ. ಹಿಂದಿನಿಂದ ಪ್ರಸಾರ ಇಲ್ಲದಿದ್ದರೆ ನನಗೆ ದಾರಿ ದಾರಿಯೇ ಅಲ್ಲ.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ನಮ್ಮ ಕಡೆ ಗಂಡ ಹೆಂಡತಿಯ ಹಿಂದೆ ಕೂರುವುದಕ್ಕೆ ಅಡ್ಡಿಯಿಲ್ಲ, ಊರು ನೋಡಬಾರದು ಅಷ್ಟೆ. ಊರಿಗೆ ಸ್ವಲ್ಪ ಮೊದಲು ಕೆನಾಲಿನ ಸೇತುವೆ ಬರುತ್ತದೆ. ಅಲ್ಲಿವರೆಗೆ ಗಾಡಿ ನನ್ನದು. ಅಲ್ಲಿ ನಿಲ್ಲಿಸಿ ನಾನು ಇಳಿಯುತ್ತೇನೆ, ಅವರು ಮುಂದೆ ಬರುತ್ತಾರೆ, ನಾನು ಸೆರಗು ಸರಿಮಾಡಿಕೊಂಡು ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುತ್ತೇನೆ. ಹಾಗೆ ಊರಬಾಗಿಲಿನ ಅಗಸಿಯೊಳಗೆ ಮರ್ಯಾದಸ್ತ ಕುಟುಂಬವೊಂದು ಪ್ರವೇಶ ಮಾಡುತ್ತದೆ. ಇಬ್ಬರೂ ಕೂಡಿ ಹೊರಡುವ ದಿನ ಬೆಳಿಗ್ಗೆ ಇದೇ ನಾಟಕ ಉಲ್ಟಾ. ನಾವೊಬ್ಬರೇ ಅಂದುಕೊಳ್ಳಬೇಡಿ. ಅಂಗನವಾಡಿಯಲ್ಲಿ ಕಲಿಸುವ ಬಾಯಿಯವರೂ ಅವರ ಯಜಮಾನರೂ ಅಲ್ಲೇ ಬದಲಾಗುತ್ತಾರೆ. ಒಮ್ಮೊಮ್ಮೆ ಎರಡೂ ಜೋಡಿ ಒಂದೇ ಹೊತ್ತಿಗೆ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡರೆ ನಾಲ್ವರೂ ಕೆನಾಲಿನ ನೀರು ನೋಡುತ್ತ ನಿಲ್ಲುತ್ತೇವೆ. ನೀರು ಇಲ್ಲದ ದಿನಗಳಲ್ಲೂ ನೋಡುತ್ತೇವೆ. ನನಗೆ ಇದರಲ್ಲಿ ದೊಡ್ಡ ಬೇಸರವೇನೂ ಇರಲಿಲ್ಲ. ಮನೆಪಟ್ಟಿ ಕಟ್ಟಿದ ಹಾಗೆ ಊರಿಗೆ ಇದನ್ನೂ ಕೊಟ್ಟರಾಯಿತು ಎಂದುಕೊಂಡಿದ್ದೆ.

ಸರಿ, ಗಾಡಿ ಹುಡುಕಾಟ ಶುರುವಾಯಿತು. ಗಾಡಿ ತೆಗೆದುಕೊಳ್ಳುತ್ತೇನೆಂದು ಬಾಯಿ ಬಿಟ್ಟರೆ ಸಲಹೆ ಕೊಡದವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸಹೋದ್ಯೋಗಿಗಳ ಪ್ರಶ್ನೆ ಒಂದೇ, "ಎವರೇಜ್ ಎಷ್ಟ ಕೊಡತೈತ್ರಿ?" ಪಕ್ಕದ ಹೊಲದವರ ಪ್ರಶ್ನೆ, "ಎಷ್ಟ ಚೀಲ ಗೊಬ್ಬರ ಹೊರತೈತಿ?" ಗೊಬ್ಬರ ಹೊರುವುದಿಲ್ಲ, ನಮ್ಮಿಬ್ಬರನ್ನು ಹೊರುತ್ತದೆ ಎಂದರೆ, ಅಷ್ಟಕ್ಕೆ ಇಷ್ಟು ದೊಡ್ಡ ಗಾಡಿಯೇ ಎಂದು ಅವರಿಗೆ ಮರುಕ. ಯಾವ ಉಪಯೋಗಕ್ಕೂ ಬಾರದ್ದನ್ನು ಕೊಳ್ಳುವುದು ಕಬ್ಬಿನ ನಾಡಿನಲ್ಲಿ ಕಷ್ಟ.

ಆದರೆ ವಾಹನದ ಆಯ್ಕೆಗೆ ಉಪಯೋಗ ನೋಡಬೇಕೆಂದು ದೇವತೆಗಳೇನೂ ಅಂದುಕೊಂಡ ಹಾಗಿಲ್ಲ. ಗಣಪತಿ ತನ್ನ ಹೊಟ್ಟೆಗೂ ಇಲಿಯ ಬೆನ್ನಿಗೂ ತಾಳೆ ನೋಡಿದ್ದರೆ ಎಂದಿಗೂ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ನಮ್ಮ ಜೈನರಲ್ಲಿ ಯಕ್ಷಿಯರಿಗೂ ವಾಹನಗಳಿವೆ. ನೇಮಿನಾಥ ತೀರ್ಥಂಕರರ ಯಕ್ಷಿಗೆ ಸಿಂಹ. ಆ ಸಿಂಹ ಎಲ್ಲಿಂದ ಬಂತೆಂದು ನಮ್ಮಜ್ಜಿ ಹೇಳುತ್ತಿದ್ದಳು. ಮುನಿಗಳಿಗೆ ಊಟ ಬಡಿಸಿದಳೆಂದು ಗಂಡ ಅವಳನ್ನು ಮನೆಯಿಂದ ಹೊರಗೆ ಹಾಕಿದನಂತೆ. ಮುಂದೆ ಅವಳು ಯಕ್ಷಿಯಾದಳು, ಅವನು ಸತ್ತು ಅವಳ ಸಿಂಹವಾಗಿ ಹುಟ್ಟಿದ. ಈ ಕಥೆಯನ್ನು ನಮ್ಮನೆಯವರಿಗೆ ಇನ್ನೊಮ್ಮೆ ನೆನಪಿಸಿದೆ. ಅವರು ಸ್ವಲ್ಪ ಯೋಚಿಸಿ, "ಹಿಂದಿನ ಸೀಟ್ ಇರೂತನಾ ನಂದೇನ್ ಕೆಟ್ಟಿಲ್ಲ ಬಿಡು" ಎಂದರು.

ನಿಪ್ಪಾಣಿಯಲ್ಲಿ ಮೊದಲು ನೋಡಿದ ಗಾಡಿ ಎತ್ತರದ್ದು, ಗುಡ್ಡ ಹತ್ತುವವರಿಗೆ ಮಾಡಿದ್ದು. ಅದರ ಮೇಲೆ ಕೂತರೆ ನನ್ನ ಹೆಬ್ಬೆರಳು ನೆಲಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ತೂಗಾಡಿತು. ಎರಡನೆಯದು ಮುಂದಕ್ಕೆ ಬಗ್ಗಿ ಓಡಿಸುವ ಗಾಡಿ, ಸಣ್ಣ ವಯಸ್ಸಿನ ಸೊಂಟಕ್ಕೆ ಹೇಳಿ ಮಾಡಿಸಿದ್ದು. ಮೂರನೆಯದರ ಮೇಲೆ ಕೂತ ಕೂಡಲೇ ನನಗೆ ಗೊತ್ತಾಯಿತು. ಸೀಟು ತಗ್ಗು, ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿ ಊರಿದವು, ಹ್ಯಾಂಡಲ್ ತಾನಾಗಿ ಕೈಗೆ ಬಂತು. ಹಿಂದಿನ ಸೀಟು ನಮ್ಮ ಪಡಸಾಲೆಯಷ್ಟು ಅಗಲ, ಬೆನ್ನಿಗೆ ಒರಗು ಬೇರೆ. ಗುಂಡಿ ಒತ್ತಿದೆ. ಅದು ಕೂಗಲಿಲ್ಲ, ಗುಡುಗುಡು ಎಂದು ಹೊಟ್ಟೆಯೊಳಗೇ ಮಾತಾಡಿಕೊಂಡಿತು. ಇದೇ ಎಂದೆ.

ನಮ್ಮನೆಯವರು ಟೈರಿನ ಜಾಹೀರಾತು ಬಿಟ್ಟು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ನಾಕ ಚೀಲ ಸಕ್ರಿ ಭಾರ ಐತಿ. ಬಿದ್ರ ಎತ್ತವರು ಯಾರು?"

"ನೀವ ಹಿಂದ ಇರ್ತೀರಲ್ಲ" ಎಂದೆ. ಅವರು ಹಿಂದಿನ ಸೀಟನ್ನು ಕೈಯಿಂದ ಒತ್ತಿ ನೋಡಿದರು. ಆಮೇಲೆ ಮನೆಯಲ್ಲಿ ಒಂದೊಂದೇ ತಕರಾರು ಹೊರಬಿತ್ತು. ಎವರೇಜ್ ಕಡಿಮೆ. ಸಾಮಾನು ಸಿಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರ್. ಎರಡನೆಯ ಗಾಡಿಯೂ ಛಲೋ ಇತ್ತು. ಸ್ಕೂಟರಿನಲ್ಲೇ ದೊಡ್ಡದು ಒಂದು ಬಂದಿದೆಯಂತೆ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ, ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದ ಬಾಯಿ ಇದು. ಆದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಅವರು ಮಾತಾಡುವುದನ್ನು ಕೇಳಿ, ನಿಜವಾದ ತಕರಾರು ಇನ್ನೂ ಒಳಗೇ ಇದೆ ಎಂದು ಅನ್ನಿಸುತ್ತಿತ್ತು. ಮೂರನೆಯ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ತಟ್ಟೆಗೇ ಕೇಳುವ ಹಾಗೆ ಕೇಳಿದರು.

"ಕೆನಾಲ್ ಮ್ಯಾಲ ಬಂದಾಗ ಏನ್ ಮಾಡೂದು? ನನಗ ಆ ಗಾಡಿ ಹೊಡ್ಯಾಕ ಬರಂಗಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮನೆಯವರು ಎರಡು ಟ್ರೇಲರ್ ತುಂಬ ಕಬ್ಬು ಕಟ್ಟಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಹಿಮ್ಮುಖ ಬಿಡುವ ಗಟ್ಟಿಗ. ಆದರೆ ಅವರ ಮನೆಯಲ್ಲಿ ಎತ್ತಿನ ಗಾಡಿ ಹೋಗಿ ನೇರ ಟ್ರ್ಯಾಕ್ಟರ್ ಬಂದದ್ದು. ನಡುವೆ ಮೋಟರ್‌ಸೈಕಲ್ಲಿಗೆ ಜಾಗವೇ ಸಿಗಲಿಲ್ಲ. ಅವರ ಮಟ್ಟಿಗೆ ಕ್ಲಚ್ ಎಂದರೆ ಎಡಗಾಲು. ಆಮೇಲೆ ತಮ್ಮನಿಂದ ತಿಳಿಯಿತು, ನಾನು ಶಾಲೆಗೆ ಹೋದ ಮೇಲೆ ಇವರು ಅವನ ಗಾಡಿ ಕೇಳಿ ತಂದು ಹೊಲದಲ್ಲಿ ಗುಟ್ಟಾಗಿ ಕಲಿಯಲು ನೋಡಿದರಂತೆ. ನಿಲ್ಲಿಸಬೇಕು ಎಂದಾಗಲೆಲ್ಲ ಟ್ರ್ಯಾಕ್ಟರಿನ ಅಭ್ಯಾಸದಲ್ಲಿ ಎಡಗಾಲನ್ನು ಜೋರಾಗಿ ಒತ್ತಿದ್ದಾರೆ. ಮೋಟರ್‌ಸೈಕಲ್ಲಿನಲ್ಲಿ ಅಲ್ಲಿರುವುದು ಗೇರು. ಗಾಡಿ ಎಗರಿ ಎಗರಿ ಹೋಗಿ ಕಣಿಕಿ ಬಣವೆಯೊಳಗೆ ಮುಖ ತೂರಿಸಿ ನಿಂತಿತಂತೆ. ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ನನಗೂ ಮೊದಲು ನಗು ಬಂತು. ಈ ವಯಸ್ಸಿನಲ್ಲಿ ಆ ಮನುಷ್ಯ ಬಿದ್ದು ಎದ್ದು ಕಲಿಯಲು ಹೋದದ್ದು ಕೆನಾಲಿನಿಂದ ಅಗಸಿಯವರೆಗಿನ ಆ ತುಂಡು ದಾರಿಗೆ.

ನಾನು ಮಾತ್ರ ಗಾಡಿ ಬಿಡುವವಳಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅವರನ್ನು ಬಿಟ್ಟು ಹೋಗುವವಳೂ ಅಲ್ಲ ಎಂದೆ. ಎರಡೂ ಬೇಕು ನನಗೆ. ಬಹಳ ಚರ್ಚೆಯಾಗಿ ಒಂದು ಒಪ್ಪಂದಕ್ಕೆ ಬಂದೆವು. ಕೆನಾಲಿನವರೆಗೆ ಅವರು ನನ್ನ ಹಿಂದೆ ಕೂರುವುದು, ಅಲ್ಲಿ ಇಳಿದು ಊರೊಳಗೆ ನಡೆದು ಬರುವುದು. "ನಡದ್ರ ಸಕ್ಕರಿ ರೋಗಕ್ಕೂ ಛಲೋ" ಎಂದರು. ಅವರಿಗೆ ಸಕ್ಕರೆ ರೋಗವಿಲ್ಲ. ಆದರೂ ನಾನು ಒಪ್ಪಿಕೊಂಡೆ. ಒಪ್ಪಿಕೊಂಡರೂ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಗಂಡನನ್ನು ಸೇತುವೆಯ ಮೇಲೆ ಪಾರ್ಸಲ್ ಇಳಿಸಿದ ಹಾಗೆ ಇಳಿಸಿ ಮುಂದೆ ಹೋಗುವ ಗಾಡಿ ಎಷ್ಟು ದೊಡ್ಡದಿದ್ದರೇನು?

ಗಾಡಿ ತರಲು ನಿಪ್ಪಾಣಿಗೆ ಹೋದ ದಿನ ಎಲ್ಲವೂ ತಡ. ಪೂಜೆ, ತೆಂಗಿನಕಾಯಿ, ಚಕ್ರದ ಕೆಳಗೆ ಲಿಂಬೆಹಣ್ಣು, ಮಾಲೀಕರಿಂದ ಪೇಢೆ, ಫೋಟೋ. ಹೊರಟಾಗ ಬಿಸಿಲು ಹಳದಿಯಾಗಿತ್ತು. ಆದರೂ ಎಂಥ ಸವಾರಿ ಅದು! ರಸ್ತೆಯ ಗುಂಡಿಗಳು ಬಂದು ಹೋದದ್ದೇ ಗೊತ್ತಾಗಲಿಲ್ಲ. ಹಿಂದಿನಿಂದ ಪ್ರಸಾರ ಎಂದಿಗಿಂತ ಗಟ್ಟಿಯಾಗಿ ಬರುತ್ತಿತ್ತು, ಒರಗಿಕೊಂಡು ಕೂತ ಗಂಭೀರ ಧ್ವನಿಯಲ್ಲಿ. "ತಂಬಾಕ ಈ ಸಲ ಎಲಿ ಛಲೋ ಬಿಟ್ಟೈತಿ." ಚಿಕ್ಕೋಡಿ ದಾಟಿದೆವು. ಆಮೇಲೆ ಮಾತು ಕಡಿಮೆಯಾಗುತ್ತ ಬಂತು. ಕೆನಾಲು ಕಂಡಾಗ ಪೂರ್ತಿ ನಿಂತಿತು.

ಸೇತುವೆಯ ಮೇಲೆ ನಿಲ್ಲಿಸಿದೆ. ಅವರು ಇಳಿದರು. ಸೂರ್ಯ ಕಬ್ಬಿನ ಸೂಲಂಗಿಯ ಮೇಲೆ ಕೂತಿದ್ದ. ನಮ್ಮನೆಯವರು ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಡುವವರಲ್ಲ. ನಮ್ಮ ಜೈನರ ಬಹಳ ಮನೆಗಳಲ್ಲಿ ಆ ವ್ರತವಿದೆ. ನಡೆದು ಹೋದರೆ ಮನೆ ಮುಟ್ಟುವಷ್ಟರಲ್ಲಿ ಕತ್ತಲೆ, ಮರುದಿನ ಬೆಳಗಿನವರೆಗೆ ಉಪವಾಸ. ಮಧ್ಯಾಹ್ನ ಬೇರೆ ಪೇಢೆಯಲ್ಲೇ ಊಟ ಮುಗಿದಿತ್ತು. ಅವರು ಸೂರ್ಯನನ್ನು ನೋಡಿದರು, ಊರಿನ ದಾರಿ ನೋಡಿದರು, ಕೆನಾಲಿನ ನೀರನ್ನು ನೋಡಿದರು.  ನಾನು ಎಂಜಿನ್ ಬಂದ್ ಮಾಡಲಿಲ್ಲ. ಬನ್ನಿ ಎಂದರೆ ನನ್ನ ಮಾತಿಗೆ ಬಂದ ಹಾಗಾಗುತ್ತದೆ, ಅದು ನನಗೆ ಬೇಕಿರಲಿಲ್ಲ.

ಗಾಡಿ ಒಮ್ಮೆ ತಗ್ಗಿ ಮೇಲೆದ್ದಿತು. ಅವರು ಹತ್ತಿ ಕೂತಿದ್ದರು. "ನಡಿ" ಎಂದರು.

ನಮ್ಮ ಅಗಸಿಯ ಕಟ್ಟೆಗೆ ರಾಮಗೊಂಡ ಕಾಕಾ ಖಾಯಂ ಅಧ್ಯಕ್ಷರು. ಊರೊಳಗೆ ಬರುವ ಆಡಿಗೂ ಅವರು ಎರಡು ಪ್ರಶ್ನೆ ಕೇಳಿಯೇ ಬಿಡುವುದು. ಅವರ ಸುತ್ತ ನಾಲ್ಕೈದು ಜನ ಬೇರೆ ಇದ್ದರು. ಹೊಸ ಗಾಡಿಯ ಸದ್ದಿಗೆ ಎಲ್ಲರ ತಲೆ ತಿರುಗಿತು. ಕಾಕಾ ಕೈ ಅಡ್ಡ ಹಿಡಿದೇಬಿಟ್ಟರು. ನಿಲ್ಲಿಸಿದೆ.

"ಯಾಕಪಾ ಅಣ್ಣಾಸಾಹೇಬ, ನೀ ಹಿಂದ ಕುಂತೀಯಲ್ಲ?"

ನಾನು ತಿರುಗದೆ ಕನ್ನಡಿಯಲ್ಲಿ ನಮ್ಮನೆಯವರ ಮುಖ ಹುಡುಕಿದೆ. ಕಾಲು ಉಳುಕಿದೆ ಎನ್ನಬಹುದಿತ್ತು. ಅವಳ ಹಟ, ಒಂದು ದಿನದ ಮಟ್ಟಿಗೆ ಎನ್ನಬಹುದಿತ್ತು. ಮೋಟರ್‌ಸೈಕಲ್ಲಿನ ಮೇಲೆ ಕೂತ ಗಂಡಸಿಗೆ ಸುಳ್ಳಿಗೇನು ಬರ?

"ನನಗ ಇದು ಹೊಡ್ಯಾಕ ಬರಂಗಿಲ್ಲೋ ಕಾಕಾ" ಎಂದರು ನಮ್ಮನೆಯವರು. "ಆಕಿಗೆ ಬರತೈತಿ."

 ಕಾಕಾ ಅಂಗೈಯ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುತ್ತ ಈ ವಿಷಯವನ್ನು ಎಲ್ಲ ಕಡೆಯಿಂದ ಯೋಚಿಸಿದರು. ಯೋಚಿಸಿ, "ಹಂಗಾರ ಸರಿ" ಎಂದರು. ತಂಬಾಕನ್ನು ತುಟಿಯೊಳಗಿಟ್ಟುಕೊಂಡು ಆ ಕಡೆ ತಿರುಗಿ, ಬಿಟ್ಟಿದ್ದ ಮಾತು ಮುಂದುವರಿಸಿದರು.

ಅಷ್ಟೇ. ಇಷ್ಟು ವರ್ಷ ಬಿಸಿಲು ಮಳೆಯೆನ್ನದೆ ನಾವು ಹೆದರಿ ಇಳಿದು ಹತ್ತಿದ್ದು ಈ 'ಹಂಗಾರ ಸರಿ'ಗೆ. ನಾನು ಗೇರ್ ಹಾಕಬೇಕು, ಆಗುತ್ತಿಲ್ಲ, ಏಕೆಂದರೆ ಗಾಡಿ ಅಲುಗಾಡುತ್ತಿದೆ. ಎಂಜಿನ್ನಿನದೆಂದುಕೊಂಡೆ. ಎಂಜಿನ್ ಅಲ್ಲ, ಹಿಂದೆ ಕೂತವರು ಒರಗಿಗೆ ಒರಗಿ ಸದ್ದಿಲ್ಲದೆ ನಗುತ್ತಿದ್ದರು.