ಮಾಟಗಾತಿ ನಾದಿನಿ
"ಹೂಂ, ನಾನು ಮಾಟಗಾತಿನೇ" ಎಂದು ಎದೆ ತಟ್ಟಿಕೊಳ್ಳುವ ನಾದಿನಿ ಮನೆಯಲ್ಲಿದ್ದರೆ ಅತ್ತಿಗೆಯ ತಲೆ ಚಿಟ್ಟು ಹಿಡಿಯದೆ ಇದ್ದೀತೆ? ಕಿಟಕಿಯಲ್ಲಿ ಹುಣ್ಣಿಮೆಗೊಂದು ಮೇಣದಬತ್ತಿ, ದಿಂಬಿನಡಿ ಇಟ್ಟಿಗೆ ಗಾತ್ರದ ಡ್ರ್ಯಾಗನ್ ಕಾದಂಬರಿ, ಹಾಲು ಉಕ್ಕದಿರಲೂ ಒಂದು ಮಂತ್ರ. ಹಾಲು ಮಾತ್ರ ತಪ್ಪದೆ ಉಕ್ಕುತ್ತಿತ್ತು. ಮಂತ್ರ-ತಾಯಿತದ ಹೆಸರಲ್ಲಿ ಹೆದರಿದವರ ಜೇಬಿಗೆ ಕೈಹಾಕುವ ಮಹಾನುಭಾವರಿಗೆ ಅಡ್ಡಬೀಳುವ ಊರು ಇವಳನ್ನು ಕಂಡು ನಗುತ್ತಿತ್ತು, ಅತ್ತಿಗೆಯೂ ನಗುತ್ತಿದ್ದಳು. ಆದರೆ ತನ್ನ ಮಗು ಉಸಿರಿಗಾಗಿ ಒದ್ದಾಡಿದ ದಿನ "ಏನಾದ್ರೂ ಮಂತ್ರ ಹಾಕೇ" ಎಂದು ಗೋಗರೆದವಳು ಅತ್ತಿಗೆಯೇ. "ನಿಮಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಮಗುನ ಎತ್ಕೊಳ್ಳಿ, ಸ್ಕೂಟರ್ ಹತ್ತಿ!" ಎಂದು ಗದರಿದ ನಾದಿನಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದಳು. ಮಗುವಿನ ಉಸಿರು ಸರಿಹೋದ ಮೇಲೆ ನೋಡಿದರೆ, ಬೆಂಚಿನ ಮೇಲೆ ಕೂತ ನಾದಿನಿಯ ತುಟಿ ಪಿಟಿಪಿಟಿ ಎನ್ನುತ್ತಿತ್ತು. "ಈಗ ಯಾರಿಗೇ ಮಂತ್ರ?" "ನಂಗೇ. ಕೈ ನಡುಗ್ತಿದೆ." ಅತ್ತಿಗೆ ಆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.