ಅವಸರಣ್ಣನೂ ಅಕ್ಕನ ಹಳೇ ಕಂಪ್ಯೂಟರೂ

ಬೀದಿಯವರೆಲ್ಲ ಅವನನ್ನು ಅವಸರಣ್ಣ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರ ತಪ್ಪೇನಿಲ್ಲ. ಲಿಫ್ಟಿನ ಗುಂಡಿಯನ್ನು ಒಂದು ಸಲ ಒತ್ತಿ ಸುಮ್ಮನೆ ನಿಂತ ಮನುಷ್ಯನಲ್ಲ ಅವನು. ಟೀ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವುದು ದಿನದ ಕೆಲಸ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಅದರಲ್ಲೂ ಬೇರೆಯವರು ಗುಜರಿಗೆ ಹಾಕಿ ಎನ್ನುವ ಹಳೆಯ ಮದರ್‌ಬೋರ್ಡುಗಳೆಂದರೆ ಅವನಿಗೆ ಪಂಚಪ್ರಾಣ. ಆ ಬೋರ್ಡು ತಾಳಬಲ್ಲ ಅತಿ ಚುರುಕಾದ ಪ್ರೊಸೆಸರನ್ನು ಎಲ್ಲಿಂದಲೋ ಹುಡುಕಿ ತಂದು ಕೂರಿಸುತ್ತಿದ್ದ. ಅಲ್ಲಿಗೆ ನಿಲ್ಲಿಸಿದರೆ ಅವನು ಅವಸರಣ್ಣ ಯಾಕಾದಾನು? ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಒಂದಿಷ್ಟು ಹೆಚ್ಚು ಓಡಿಸಿ ನೋಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಮನೆಯ ಮಿಕ್ಸಿಗೂ ಇದೇ ಪ್ರಯೋಗ ಮಾಡಿ ಸುಟ್ಟ ಮೇಲೆ, ಹೆಂಡತಿ ಹೊಸ ಮಿಕ್ಸಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕುತ್ತಿದ್ದಳು.

ಅವನ ಅಕ್ಕ ಎರಡು ಬೀದಿ ಆಚೆ ಬೂಟು ಮಾಡುತ್ತಿದ್ದಳು. ಸಿದ್ಧ ಬೂಟು ಯಾರ ಕಾಲಿಗೆ ಹೊಂದುವುದಿಲ್ಲವೋ ಅವರು ಬರುವುದು ಅವಳ ಹತ್ತಿರ. ಒಂದು ಕಾಲು ಗಿಡ್ಡವಾದವರು, ಬೆರಳು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು. ಪ್ರತಿಯೊಬ್ಬರ ಪಾದದ ಅಳತೆಯನ್ನೂ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ಇಟ್ಟಿದ್ದಳು. ಅದು ಹೇಳಿದ ಹಾಗೆ ಪಕ್ಕದ ಮೆಷಿನ್ನು ಚರ್ಮವನ್ನೂ ಅಟ್ಟೆಯನ್ನೂ ಕತ್ತರಿಸಿ ಕೊಡುತ್ತಿತ್ತು. ಆ ಮೆಷಿನ್ನಿನ ದಪ್ಪ ಕೇಬಲ್ಲು ಚುಚ್ಚಲು ಈಗಿನ ಕಂಪ್ಯೂಟರುಗಳಲ್ಲಿ ಜಾಗವೇ ಇಲ್ಲ. ಹಾಗಾಗಿ ಹಳೇ ಬೋರ್ಡನ್ನೇ ಜೋಪಾನ ಮಾಡಬೇಕಿತ್ತು. ಕಷ್ಟವೆಂದರೆ, ಒಂದು ಚಿತ್ರ ತೆರೆಯುವಷ್ಟರಲ್ಲಿ ಅಕ್ಕ ಒಂದು ಪಟ್ಟಿಯ ಹೊಲಿಗೆಯನ್ನೇ ಮುಗಿಸಿರುತ್ತಿದ್ದಳು.

"ಸ್ವಲ್ಪ ಚುರುಕು ಮಾಡಿಕೊಡೋ. ಜಾಸ್ತಿ ಏನೂ ಬೇಡ" ಎಂದಳು.

ಅವನು ಪ್ರೊಸೆಸರ್ ಬದಲಾಯಿಸಿದ. ಹೊಸದನ್ನು ಬೋರ್ಡು ಗುರುತು ಹಿಡಿಯುವಂತೆ ಮೊದಲೇ ಅದರೊಳಗಿನ ಬಯೋಸ್ ತಂತ್ರಾಂಶ ಬದಲಾಯಿಸಿ, ಧೂಳು ಊದಿ, ತಂಪಿನ ಪೇಸ್ಟು ಹಚ್ಚಿ, ಫ್ಯಾನು ಕೂರಿಸಿದ. ಕೆಲಸ ಅಚ್ಚುಕಟ್ಟಾಗಿತ್ತು; ಅದರಲ್ಲಿ ಎರಡು ಮಾತಿಲ್ಲ.

"ಅಯ್ಯೋ, ಚಿತ್ರ ಕಣ್ಣು ಮಿಟುಕಿಸೋದರಲ್ಲಿ ಬಂತಲ್ಲೋ!" ಎಂದು ಅಕ್ಕ ಮಗುವಿನಂತೆ ನಕ್ಕಳು.

ಆ ನಗು ನೋಡಿಕೊಂಡು ಮನೆಗೆ ಹೋಗಬೇಕಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುವ ಗಾದೆ ಹುಟ್ಟಿದ್ದೇ ಇಂಥವರಿಂದ. ಅಕ್ಕ ಗಿರಾಕಿಯ ಜೊತೆ ಮಾತಿಗೆ ಕೂತಾಗ ಇವನು ಬೋರ್ಡಿನ ಮೂಲ ವೇಗವನ್ನೇ ಏರಿಸಿದ. ಹೊಸ ಬೋರ್ಡುಗಳಲ್ಲಾದರೆ ಪ್ರೊಸೆಸರ್ ಒಂದನ್ನೇ ಓಡಿಸಬಹುದು. ಈ ಹಳೆಯದರಲ್ಲಿ ಎಲ್ಲವೂ ಒಂದೇ ಹಗ್ಗಕ್ಕೆ ಕಟ್ಟಿದ ದನಗಳು. ಒಂದು ಓಡಿದರೆ ಹಾರ್ಡ್‌ಡಿಸ್ಕಿಗೆ ಹೋಗಿಬರುವ ದಾರಿಯೂ ಓಡಬೇಕು. ಓಡುವ ಭರದಲ್ಲಿ ಅಂಕಿಗಳು ಉದುರಿಹೋಗಬಹುದು. ಅವನಿಗಿದು ಗೊತ್ತಿಲ್ಲದ್ದೇನಲ್ಲ. ಆದರೂ ಇಡೀ ಮಧ್ಯಾಹ್ನ ಪ್ರೊಸೆಸರನ್ನಷ್ಟೇ ಪರೀಕ್ಷಿಸಿದ. ಒಂದು ತಪ್ಪೂ ಬರಲಿಲ್ಲ. ಅದು ಪಾಸಾದರೆ ಎಲ್ಲವೂ ಪಾಸು ಅಂದುಕೊಂಡ. ದೊಡ್ಡ ಜವಾಬ್ದಾರಿಯ ತಮ್ಮನಂತೆ, ಅದೇ ಓಟದಲ್ಲಿ ಅಳತೆಗಳದ್ದೆಲ್ಲ ಹೊಸ ನಕಲು ಮಾಡಿದ, ಹಳೆಯ ನಕಲನ್ನು ಅಳಿಸಿ ಅದರ ಮೇಲೆಯೇ.

ಆಮೇಲೆ ಬೂಟುಗಳು ವಾಪಸು ಬರತೊಡಗಿದವು. ಸಂಗೀತದ ಟೀಚರಿಗೆ ಒಂದು ಅಟ್ಟೆ ವಾಲಿತು. ನಿವೃತ್ತ ಪೋಸ್ಟ್‌ಮನ್‌ಗೆ ಹಿಮ್ಮಡಿಯ ಹತ್ತಿರ ಕಚ್ಚಿತು. ಜೋಮು ಹಿಡಿದ ಪಾದ, ಗಾಯವಾದದ್ದೇ ಅವನಿಗೆ ತಿಳಿಯಲಿಲ್ಲ. ಅಕ್ಕ ಬಿಚ್ಚಿ ಹೊಲಿದಳು, ಮತ್ತೆ ಬಿಚ್ಚಿದಳು. ಎಲ್ಲರ ಮುಂದೆಯೂ ಒಂದೇ ಮಾತು: "ನನ್ನ ಕಣ್ಣು ಮಂಜಾಯ್ತು ಅಂತ ಕಾಣುತ್ತೆ. ಕೈಯೂ ಮೊದಲಿನ ಹಾಗಿಲ್ಲ."

ಅವಸರಣ್ಣನಿಗೆ ಅನುಮಾನ ಬಂದು ಒಂದೇ ಅಳತೆಯನ್ನು ಎರಡು ಸಲ ತೆರೆದು ನೋಡಿದ. ಹಿಮ್ಮಡಿಯ ಎತ್ತರ ಒಂದು ಸಲ ಒಂದಿತ್ತು, ಇನ್ನೊಂದು ಸಲ ಇನ್ನೊಂದು. ವೇಗವನ್ನು ಕೂಡಲೇ ಇಳಿಸಿದ. ಆದರೆ ಆಗಲೇ ಕೆಟ್ಟು ಕೂತ ಅಳತೆಗಳು ಸರಿಯಾಗುವುದು ಹೇಗೆ? ಯಾವ ಪಾದ ಸರಿ, ಯಾವುದು ತಪ್ಪು ಎಂದು ನೋಡಿದರೆ ತಿಳಿಯುವಂತಿರಲಿಲ್ಲ. ನಕಲಿನಲ್ಲಿಯೂ ಅದೇ ಹಾಳು.

ಅಕ್ಕನಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲ ಸರಿಮಾಡಿ ಆಮೇಲೆ ಹೇಳೋಣ ಎಂಬ ನೆಪ. ಇಂಥ ನೆಪಕ್ಕೆ ಹೇಡಿತನವೆನ್ನದೆ ಬೇರೇನೂ ಅನ್ನಲಾಗದು. ಕಾಲು ಸುಟ್ಟ ಬೆಕ್ಕಿನಂತೆ ಅಂಗಡಿಗೂ ಮನೆಗೂ ಅಲೆದ. ಕೇಬಲ್ಲು ಬದಲಿಸಿದ, ಡಿಸ್ಕು ಬದಲಿಸಿದ, ಕೂತ, ಎದ್ದ. ಊಟದ ನಡುವೆ ಎದ್ದು ಹೋಗಿ ಸುಮ್ಮನೆ ಬಾಗಿಲಲ್ಲಿ ನಿಂತು ಬಂದ.

"ಏನ್ರೀ ಆಗಿದೆ ನಿಮಗೆ?" ಎಂದು ಹೆಂಡತಿ ಕೇಳಿದರೆ, "ಏನಿಲ್ಲ, ಸೆಕೆ" ಎಂದ. ಹೊರಗೆ ಚಳಿಯಿತ್ತು.

ಒಂದು ಸಂಜೆ ಅಂಗಡಿಗೆ ಹೋದಾಗ ಅಕ್ಕ ದಬ್ಬಳ, ಉಳಿ, ಮೇಣ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಇದೇನಕ್ಕಾ?"

"ಸಾಕು ಕಣೋ. ಪೋಸ್ಟ್‌ಮನ್ನವರ ಕಾಲಿನ ಗಾಯ ಕೀವಾಗಿದೆಯಂತೆ. ಗಾಯ ಮಾಡೋ ಕೈ ಇಟ್ಕೊಂಡು ಅಂಗಡಿ ಯಾಕೆ ನಡೆಸಲಿ?"

ಅವನ ಕಾಲು ಹೊರಗೆ ಓಡು ಎನ್ನುತ್ತಿತ್ತು. ಅಕ್ಕ ಗಂಟು ಹಾಕುವುದನ್ನು ನೋಡಲಾರದೆ ಒಂದೇ ಉಸಿರಿಗೆ ಒದರಿಬಿಟ್ಟ: "ನಿನ್ನ ಕೈ ಅಲ್ಲಕ್ಕಾ. ನಾನೇ ಮಾಡಿದ್ದು. ನೀನು ಕೇಳಿದ್ದಕ್ಕಿಂತ ಜಾಸ್ತಿ ಓಡಿಸಿದೆ. ಅಳತೆಗಳೆಲ್ಲ ಕೆಟ್ಟಿವೆ, ನಕಲೂ ಕೆಟ್ಟಿದೆ. ಕಣ್ಣೂ ಸರಿ ಇದೆ, ಕೈಯೂ ಸರಿ ಇದೆ."

ಅಕ್ಕ ತುಂಬ ಹೊತ್ತು ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು. ಹೋದ ಜೀವ ಬಂದಂತೆ ಮುಖದಲ್ಲಿ ಒಂದು ನೆಮ್ಮದಿ ಕಾಣಿಸಿತು. ನಂತರ ತಲೆ ಎತ್ತಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಹೋದ ವಾರ."

"ಹೋದ ವಾರ ನಾನು ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ. ನೀನೇ ಬೈಕಲ್ಲಿ ಕರ್ಕೊಂಡು ಹೋಗಿದ್ದೆ."

ಅವನು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ.

"ಹೊರಗೆ ಆ ಕಡೆಯಿಂದ ಈ ಕಡೆ ಓಡಾಡ್ತಾ ಇದ್ದೆ. ಅಕ್ಕನ ಕಣ್ಣಿನ ಚಿಂತೆ ಪಾಪ ಅಂದ್ಕೊಂಡೆ ಕಣೋ ನಾನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಒಂದೇಟು ಹಾಕಿದ್ದರೂ ಆಗಿತ್ತು. ನಾಚಿಕೆಯಿಂದ ಅವನಿಗೆ ಅಳು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಪೋಸ್ಟ್‌ಮನ್ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಬೂಟಿನ ಚೀಲ.

"ಬೇಜಾರು ಮಾಡ್ಕೋಬೇಡಮ್ಮ. ನಿನ್ನ ಬೂಟಲ್ಲಿ ಏನೂ ದೋಷವಿಲ್ಲ. ಈ ಮುದಿ ಕಾಲೇ ಸೊಟ್ಟಗಾಗ್ತಾ ಇದೆ. ಇದನ್ನ ಬೈದೂ ಬೈದೂ ಸಾಕಾಯ್ತು."

ಅಕ್ಕ ಸ್ಟೂಲು ಎಳೆದು ಅವನನ್ನು ಕೂರಿಸಿದಳು. ನೆಲದ ಮೇಲೆ ಕಾಗದ ಹಾಸಿ ಅವನ ಪಾದವನ್ನು ಅದರ ಮೇಲಿಡಿಸಿದಳು. ಪೆನ್ಸಿಲನ್ನು ತಮ್ಮನ ಕೈಗೆ ಕೊಟ್ಟಳು.

"ಹೇಳು" ಎಂದಳು.

ಅವಸರಣ್ಣ ಆ ಬ್ಯಾಂಡೇಜಿನ ಮುಂದೆ ಮೊಣಕಾಲೂರಿ ಕೂತ. ಮಾತು ತಡವರಿಸಿತು, ನಡುವೆ ನಿಂತಿತು, ಅಕ್ಕ ಕಾದಳು. ಕೊನೆಗೆ ಎಲ್ಲವನ್ನೂ ಹೇಳಿದ. ಪೋಸ್ಟ್‌ಮನ್ ಅವನನ್ನು ನೋಡಲಿಲ್ಲ, ಬಗ್ಗಿ ತನ್ನ ಪಾದವನ್ನೇ ನೋಡಿದ.

"ಹಾಗಾದ್ರೆ ಇದರದ್ದೇನೂ ತಪ್ಪಿರಲಿಲ್ವಾ?"

"ಇಲ್ಲ ಯಜಮಾನ್ರೇ" ಎಂದು ಅವನು ಪಾದದ ಸುತ್ತ ಗೆರೆ ಎಳೆಯಲು ಕಾಗದದ ಮೇಲೆ ಪೆನ್ಸಿಲ್ ಇಟ್ಟ. ಕೈ ಎಂದಿನಂತೆ ಮುಂದೆ ನುಗ್ಗಿತು, ಗೆರೆ ಹೆಬ್ಬೆರಳನ್ನು ದಾಟಿಹೋಯಿತು. ಅಕ್ಕ ಆ ಕಾಗದ ತೆಗೆದು ಬೇರೆ ಹಾಸಿದಳು.

"ಉಳಿದವರಿಗೆಲ್ಲ ನೀನೇ ಫೋನ್ ಮಾಡು. ಮೊದಲು ಇದನ್ನ ಹೇಳು, ಆಮೇಲೆ ಅಳತೆಗೆ ಕಾಲು ಕೇಳು."