ಅಪ್ಪ ಕೇಳುತ್ತಿದ್ದ ಪ್ರಶ್ನೆಗಳು

ಸ್ಯಾನ್ ಡಿಯೇಗೊದ ಕರ್ನಿ ಮೆಸಾದಲ್ಲಿ ನಾವು ದೋಸೆ ತಿನ್ನಲು ಹೋಗುವ ಹೋಟೆಲಿನ ಪಕ್ಕದಲ್ಲೇ ಮಡಕೆ ಮಾಡಲು ಕಲಿಸುವ ಅಂಗಡಿಯೊಂದಿದೆ. ಅದರ ಬಾಗಿಲು ತೆರೆದಿದ್ದ ದಿನ ಹಸಿ ಜೇಡಿಮಣ್ಣಿನ ವಾಸನೆ ಪಾರ್ಕಿಂಗ್ ತನಕ ಬರುತ್ತದೆ, ನನ್ನ ಹಸಿವು ಅಲ್ಲೇ ಸತ್ತುಹೋಗುತ್ತದೆ. ಮೀರಾ ಮೆಸಾದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಒಂದು ಕಾಲಕ್ಕೆ ಇದೇ ವಾಸನೆ ಹೊಡೆಯುತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದೆ. ಪ್ರಾಚೀನ ನಾಗರಿಕತೆಗಳ ಪಾಠ ಶುರುವಾದ ವಾರ ಅಪ್ಪ ಎಲ್ಲಿಂದಲೋ ಒಂದು ಚೀಲ ಜೇಡಿಮಣ್ಣು ತಂದು ಊಟದ ಮೇಜಿನ ಮೇಲೆ ಸುರಿದರು. ಸುಮೇರಿನ ಮಕ್ಕಳು ಅಂಗೈಯಗಲದ ಮಣ್ಣಿನ ಹಲಗೆಯಲ್ಲಿ ಬರೆಯುತ್ತಿದ್ದರಂತೆ. ಮೇಷ್ಟ್ರು ಒಂದು ಕಡೆ ಬರೆದುಕೊಡುವುದು, ಹುಡುಗ ಇನ್ನೊಂದು ಕಡೆ ನೋಡಿ ಬರೆಯುವುದು, ತಪ್ಪಾದರೆ ಹೆಬ್ಬೆರಳಿನಿಂದ ಒರೆಸಿಬಿಡುವುದು. ಐಸ್‌ಕ್ರೀಮ್ ಕಡ್ಡಿ ಕೊಟ್ಟು ನನ್ನಿಂದಲೂ ಹಾಗೆಯೇ ಬರೆಸಿದರು. ಆಮೇಲೆ ಅವನ್ನು ಸುಡಬೇಕಲ್ಲ. ನಮ್ಮವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆ, ಕುಕ್ಕರ್ ತುರುಕಿಡುವ ಜಾಗ ಎಂಬುದು ನಿಮಗೂ ಗೊತ್ತು. ಸಂಜೆ ಅಮ್ಮ ಆಫೀಸಿನಿಂದ ಬಂದಾಗ ಅವಳ ಬಾಣಲೆಗಳೆಲ್ಲ ಸೋಫಾದ ಮೇಲೆ ಕುಳಿತಿದ್ದವು, ಓವನ್ನಿನಲ್ಲಿ ಸುಮೇರ್ ಬೇಯುತ್ತಿತ್ತು.

“ರೀ, ಏನ್ರೀ ಇದು?” ಎಂದಳು ಅಮ್ಮ.

“ಏನಿರಬಹುದು ಅಂತ ನಿನಗ ಅನಸ್ತದ?” ಎಂದರು ಅಪ್ಪ.

ಅಪ್ಪ ಇದ್ದದ್ದೇ ಹೀಗೆ. ಧಾರವಾಡದಿಂದ ಲಾಸ್ ಏಂಜಲೀಸ್‌ಗೆ ಓದಲು ಬಂದವರು ಅಲ್ಲೇ ಒಂದು ಕಾಲೇಜಿನಲ್ಲಿ ಮುಂದೆ ಟೀಚರ್ ಆಗುವವರಿಗೆ ಶಿಕ್ಷಣದ ಇತಿಹಾಸ ಕಲಿಸುತ್ತಿದ್ದರು. ಅಮ್ಮನ ಕೆಲಸ ಸ್ಯಾನ್ ಡಿಯೇಗೊದಲ್ಲಿದ್ದ ಕಾರಣಕ್ಕೆ ಮನೆ ಇಲ್ಲಿ. ಪಾಠವಿದ್ದ ದಿನ ಬೆಳಕು ಹರಿಯುವ ಮೊದಲೇ ಕಾರು ಹತ್ತಿ ಹೋಗಿಬಿಡುತ್ತಿದ್ದರು, ಪಾಠವಿಲ್ಲದ ದಿನ ನನ್ನನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು. ಎಲ್ಲರೂ ಕಾರಿನಲ್ಲಿ ಬಂದಿಳಿಯುವ ಊರಿನಲ್ಲಿ ನಾವಿಬ್ಬರು ಮಾತ್ರ ಫುಟ್‌ಪಾತಿನ ಮೇಲೆ, ನನ್ನ ಗುಲಾಬಿ ಬಣ್ಣದ ಬ್ಯಾಗು ಅಪ್ಪನ ಹೆಗಲಿನಲ್ಲಿ. ಗ್ರೀಕರ ಶ್ರೀಮಂತ ಮನೆಗಳಲ್ಲಿ ಹುಡುಗನನ್ನು ಶಾಲೆಗೆ ಬಿಟ್ಟುಬರಲೆಂದೇ ಒಬ್ಬ ಗುಲಾಮ ಇರುತ್ತಿದ್ದನಂತೆ, “ನಾನ ನಿನ್ನ ಗುಲಾಮ, ನಡೀ ದೊರೆಸಾನಿ” ಎನ್ನುತ್ತಿದ್ದರು. ಅವರ ಕಣ್ಣಿಗೆ ನನ್ನ ಶಾಲೆಯಲ್ಲಿ ಈ ದೇಶದ್ದೆನ್ನುವ ವಸ್ತುವೇ ಇರಲಿಲ್ಲ. ನೋಡಿ ಬರೆಯುವುದು ಸುಮೇರಿನದು, ಆಟದ ಬಯಲು ಗ್ರೀಕರದು, ಭಾಷಣ ಸ್ಪರ್ಧೆ ರೋಮಿನದು, ಪದವಿಯ ದಿನ ತೊಡುವ ಕಪ್ಪು ನಿಲುವಂಗಿ ಯುರೋಪಿನ ಹಳೆಯ ಪಾದ್ರಿಗಳದು. ಎಲ್ಲಕ್ಕಿಂತ ದೊಡ್ಡದು ಅಥೆನ್ಸಿನಿಂದ ಬಂದ ಪ್ರಶ್ನೆ. ಅಲ್ಲಿ ಒಬ್ಬ ಮುದುಕ ಸಂತೆಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ, ಉತ್ತರವನ್ನು ಮಾತ್ರ ತಾನು ಹೇಳುತ್ತಿರಲಿಲ್ಲ, ಅವರ ಬಾಯಿಂದಲೇ ಬರಿಸುತ್ತಿದ್ದ. ಆ ಮುದುಕ ನಮ್ಮ ಮನೆಯಲ್ಲಿ ಬಂದು ಠಿಕಾಣಿ ಹೂಡಿದ್ದ ಎಂದೇ ನನ್ನ ಅನುಮಾನ.

ಹೇಳಲು ಈಗ ಚೆನ್ನಾಗಿದೆ, ಆಗ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಗೆಳತಿಯರ ಅಪ್ಪಂದಿರು ಹೋಮ್‌ವರ್ಕಿನ ಉತ್ತರ ಹೇಳಿಕೊಟ್ಟು ಐದು ನಿಮಿಷಕ್ಕೆ ಮುಗಿಸುತ್ತಿದ್ದರು. ನನಗೆ ಭಿನ್ನರಾಶಿಯ ಒಂದು ಲೆಕ್ಕಕ್ಕೆ ಒಂದು ಸಂಜೆ ಬೇಕು. ನಾನು ಇಂಗ್ಲಿಷಿನಲ್ಲಿ ಕಿರುಚುತ್ತಿದ್ದೆ, ಅಪ್ಪ ಕನ್ನಡದಲ್ಲಿ ಕೇಳುತ್ತಲೇ ಇರುತ್ತಿದ್ದರು. “ನಾಳೆ ಅವಳಿಗೆ ಟೆಸ್ಟ್ ಇದೆ ರೀ, ಹೇಳ್ಬಿಡಿ ಅತ್ಲಾಗೆ” ಎಂದು ಅಮ್ಮ ರೇಗಿದರೆ, “ಅಕಿನ ಬಾಯಿಂದನ ಬರಬೇಕು. ನಾ ಹೇಳಿದ್ರ ಅದು ನಂದಾಗ್ತದ” ಎನ್ನುತ್ತಿದ್ದರು. ಉತ್ತರ ನನ್ನ ನಾಲಿಗೆಯ ತುದಿಗೆ ಬಂತು ಎಂದು ಗೊತ್ತಾದಾಗ ಮುಂದಕ್ಕೆ ಬಾಗಿ ಕಾಯುತ್ತಿದ್ದರು, ಆಗ ಅವರ ಮುಖ ನೋಡಬೇಕಿತ್ತು ನೀವು. ಆದರೂ ಒಂದೇ ಒಂದು ಸಲ ಅಪ್ಪ ನನಗೆ ನೇರವಾಗಿ ಉತ್ತರ ಹೇಳಲಿ ಎಂಬುದು ನನ್ನ ಆಸೆಯಾಗಿತ್ತು.

ನಾನು ಎಂಟನೇ ಕ್ಲಾಸಿಗೆ ಬಂದ ವರ್ಷ ಅಪ್ಪ ಕಾಯಿಲೆ ಬಿದ್ದರು. ಲಾಸ್ ಏಂಜಲೀಸ್‌ಗೆ ಹೋಗುವುದು ನಿಂತಿತು, ಶಾಲೆಗೆ ನಡೆಯುವುದೂ ನಿಂತಿತು. ಸ್ವಲ್ಪ ಇನ್ಫೆಕ್ಷನ್, ಎಲ್ಲ ಸರಿಹೋಗುತ್ತದೆ ಎಂದಳು ಅಮ್ಮ. ಹುಳಿ, ಅನ್ನ ಹಿಡಿದು ಬರುತ್ತಿದ್ದ ಆಂಟಿಯರೂ ಅದನ್ನೇ ಹೇಳಿದರು. ಆದರೆ ನಾನು ಒಳಗೆ ಕಾಲಿಟ್ಟ ಕೂಡಲೇ ಅವರ ಮಾತು ನಿಂತುಹೋಗುತ್ತಿತ್ತು. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿ ನನಗೆ ಮೈ ಉರಿಯುತ್ತಿತ್ತು. ಅಪ್ಪ ಉತ್ತರ ಹೇಳದಿದ್ದರೂ ಸುಳ್ಳು ಹೇಳಿದವರಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಹಿತ್ತಿಲಿಗೆ ಹೋದೆ. ಅಪ್ಪ ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು, ಆ ಬಿಸಿಲಿನಲ್ಲೂ ಶಾಲು ಹೊದ್ದು ಕುಳಿತಿದ್ದರು. ಅದೇಕೋ ನನ್ನ ಬಾಯಿಂದ ಕನ್ನಡವೇ ಬಂತು.

“ಅಪ್ಪ, ನೀವು ಹುಷಾರಾಗ್ತೀರಾ?”

“ನಿನಗ ಏನ ಅನಸ್ತದ, ಅವ್ವಿ?”

ಆ ಕುರ್ಚಿಯನ್ನೇ ಒದೆಯಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ. ಆದರೆ ಬೆಳೆದ ರೂಢಿ ನೋಡಿ, ಬಾಯಿ ತಾನಾಗಿ ಉತ್ತರ ಹೇಳತೊಡಗಿತು.

“ಅಮ್ಮ ಗ್ಯಾರೇಜಲ್ಲಿ ಹೋಗಿ ಅಳ್ತಾಳೆ.”

“ಮುಂದ?”

“ನಿಮ್ಮ ಕಾರ್ ಮಾರ್ಬಿಟ್ರಿ.”

“ಅಂದ್ರ?”

“ಇನ್ನು ಎಲ್.ಎ.ಗೆ ಹೋಗಲ್ಲ. ಈಗ ಟ್ರೀಟ್‌ಮೆಂಟಿಗೂ ಹೋಗ್ತಿಲ್ಲ ನೀವು.”

“ಯಾಕ ನಿಲ್ಲಿಸೇನಿ ಅಂತಿ?”

ಉತ್ತರ ಬಂದೇಬಿಟ್ಟಿತು. ನಾನು ಬಾಯಿ ತೆರೆದೆ. ಅಪ್ಪ ಮುಂದಕ್ಕೆ ಬಾಗಿದ್ದರು, ಭಿನ್ನರಾಶಿಗೆ ಕಾಯುತ್ತಿದ್ದ ಹಾಗೆಯೇ. ನನ್ನ ಮುಖದಲ್ಲಿ ಏನು ಕಂಡಿತೋ, ಇದ್ದಕ್ಕಿದ್ದಂತೆ ಶಾಲಿನಿಂದ ಕೈ ತೆಗೆದು ನನ್ನ ಬಾಯಿಯ ಮೇಲೆ ಇಟ್ಟರು. ಆ ಕೈ ತಣ್ಣಗಿತ್ತು.

“ಬ್ಯಾಡ” ಎಂದರು. “ಇದನ್ನ ನೀ ಹೇಳಬ್ಯಾಡ. ನಾ ಹೇಳ್ತೀನಿ. ನಾ ಹುಷಾರಾಗೂದಿಲ್ಲ, ಅವ್ವಿ. ಸಾಯ್ತೀನಿ.”

ಆ ಮನೆಯನ್ನು ನಾವು ಮರುವರ್ಷ ಬಿಟ್ಟೆವು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ. ನನಗೆ ಇಂದಿಗೂ ಸಹಿಸಲಾಗದಿರುವುದು ಆ ಮಧ್ಯಾಹ್ನವಲ್ಲ, ಅದಾದ ಮೇಲೆ ಅಪ್ಪ ಬದುಕಿದ್ದ ಕೆಲವು ವಾರಗಳು. ನಾನು ಶಾಲೆಯಿಂದ ಬಂದು ಅವರ ಪಕ್ಕ ಕೂರುತ್ತಿದ್ದೆ. ಕೇಳಿದ್ದಕ್ಕೆಲ್ಲ ಅಪ್ಪ ನೇರವಾಗಿ ಉತ್ತರ ಹೇಳುತ್ತಿದ್ದರು. ನೋವಿದೆಯಾ ಎಂದರೆ ಇದೆ ಎನ್ನುತ್ತಿದ್ದರು, ಹೆದರಿಕೆ ಆಗುತ್ತದಾ ಎಂದರೆ ಆಗುತ್ತದೆ ಎನ್ನುತ್ತಿದ್ದರು. ನಾನು ಹೋಮ್‌ವರ್ಕಿನ ಪುಸ್ತಕ ಅವರ ಮುಂದೆ ಬಿಡಿಸಿಟ್ಟು, ಮೊದಲಿನ ಹಾಗೆ ಪ್ರಶ್ನೆ ಕೇಳಲಿ ಎಂದು ಬರುವ ಲೆಕ್ಕವನ್ನೂ ಬರುವುದಿಲ್ಲ ಎನ್ನುತ್ತಿದ್ದೆ. ಅಪ್ಪ ಅದನ್ನು ನೋಡಿ ಮೆಲ್ಲಗೆ ಉತ್ತರ ಹೇಳಿಬಿಡುತ್ತಿದ್ದರು.